ತುಂಬಿದ್ದಕ್ಕೆ ಸದ್ದಿಲ್ಲ

ವಾಲ್ಪರೈಸೊದ ಗುಡ್ಡಗಳಲ್ಲಿ ರಸ್ತೆ ಒಂದೆಡೆ ಸುಸ್ತಾಗಿ ನಿಂತುಬಿಡುತ್ತದೆ.
ಅಲ್ಲಿಂದ ಮೇಲಕ್ಕೆ ಮೆಟ್ಟಿಲು.
ಮೆಟ್ಟಿಲ ಮೇಲೆ ನಾನು,
ನನ್ನ ಮೇಲೆ ಹದಿನೈದು ಕಿಲೊ ಗ್ಯಾಸು.
ಕಬ್ಬಿಣದ ತೂಕ ಬೇರೆ,
ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸ್ಪ್ಯಾನರಿನಿಂದ ಸಿಲಿಂಡರಿಗೆ ಬಡಿದರೆ
ಓಣಿಗೆಲ್ಲ ಗೊತ್ತು: ಎಲಿಯೊಡೊರೊ ಬಂದ.
ಬಡಿಯಬೇಕಾದ್ದು ಖಾಲಿಯದಕ್ಕೆ.
ತುಂಬಿದ್ದು ಠಣ್ ಅನ್ನುವುದಿಲ್ಲ.

ಹತ್ತೊಂಬತ್ತು ವರ್ಷ.
ಆಮೇಲೊಂದು ಮಂಗಳವಾರ
ಸಿಲಿಂಡರಲ್ಲ, ಮೆಟ್ಟಿಲಲ್ಲ,
ಬಿದ್ದ ಟೂತ್‌ಬ್ರಶ್ಶು ಎತ್ತಲು ಬಗ್ಗಿದೆ.
ಸೊಂಟದೊಳಗೆ ಯಾರೋ ಚಿಲಕ ಹಾಕಿಕೊಂಡರು.
ಬಚ್ಚಲ ನೆಲದಲ್ಲಿ ಒಂದು ಗಂಟೆ
ಬೇಸಿನ್ನಿನ ಅಡಿಯನ್ನು ನೋಡುತ್ತ ಮಲಗಿದ್ದೆ.
ಅಲ್ಲಿ ಯಾವ ಕಾಲದ್ದೋ ಚೂಯಿಂಗ್ ಗಮ್ ಅಂಟಿತ್ತು.

ಅದಾಗಿ ಮೂರು ವರ್ಷ.
ಸೀನು ಬಂದರೆ ಮೊದಲು ಗೋಡೆ ಹುಡುಕುತ್ತೇನೆ.
ಎಡಗಾಲಿನ ಕಾಲುಚೀಲ ಮಿರೆಯಾ ಹಾಕುತ್ತಾಳೆ,
ಬಲಗಾಲಿನದು ನಾನೇ. ಅಷ್ಟು ಮಾನ ಉಳಿಸಿಕೊಂಡಿದ್ದೇನೆ.
ರಾತ್ರಿ ಮಗ್ಗುಲು ಬದಲಿಸಲು ಮುಂದಾಗಿ ಯೋಚಿಸಬೇಕು:
ಮೊದಲು ಮೊಣಕಾಲು, ಆಮೇಲೆ ಭುಜ,
ಆಮೇಲೆ ಹಲ್ಲು ಕಚ್ಚಿ ಒಂದು ಬೈಗುಳ.
ಅವಳೀಗ ಮಗಳ ಕೋಣೆಯಲ್ಲಿ ಮಲಗುತ್ತಾಳೆ,
ನಿನಗೆ ಜಾಗವಾಗಲಿ ಅಂತ.
ಜಾಗ ಬೇಕಾದಷ್ಟಿದೆ.

ಎಕ್ಸ್‌ರೇ ಬೆಳಕಿಗೆ ಹಿಡಿದ ಡಾಕ್ಟರಮ್ಮ
"ನಿನ್ನ ವಯಸ್ಸಿಗೆ ಚೆನ್ನಾಗೇ ಇದೆ" ಅಂದಳು.
ಆ ಚೆನ್ನಾಗಿರುವುದನ್ನು ಕಂಕುಳಲ್ಲಿಟ್ಟುಕೊಂಡು
ಬಸ್ಸಿನಲ್ಲಿ ನಿಂತೇ ಬಂದೆ.
ಕುಂಟಿದ್ದರೆ ಯಾರಾದರೂ ಸೀಟು ಬಿಡುತ್ತಿದ್ದರು.
ನನ್ನದು ನೆಟ್ಟಗೆ ನಿಂತ ನೋವು.

ವಿಮೆ ಕಚೇರಿಯಿಂದ ಹೇಳದೆ ಕೇಳದೆ ಒಬ್ಬ ಬಂದ,
ಹುಡುಗ, ಒಳ್ಳೆಯ ಬೂಟು.
ನಾನು ಆಗ ತಾರಸಿಯಲ್ಲಿ ಒದ್ದೆ ಬೆಡ್‌ಶೀಟು ಹರವುತ್ತಿದ್ದೆ.
ಎರಡೂ ಕೈ ಮೇಲೆತ್ತಿದ್ದಾನೆ ಅಂತ ಬರೆದುಕೊಂಡ.
ಹೌದು, ಅವತ್ತು ಒಳ್ಳೆಯ ದಿನ.
ತಿಂಗಳಿಗೆ ಎರಡು ಬರುತ್ತವೆ, ಸಾಲದ ಹಾಗೆ.
ಮರುದಿನ ನಾನು ಬಡ್ಡಿ ಕಟ್ಟುವುದನ್ನು ನೋಡಲು
ಅವನು ಬರಲಿಲ್ಲ.
ಅಂದಿನಿಂದ ಒಳ್ಳೆಯ ದಿನವೆಂದರೆ ಹೆದರಿಕೆ.
ಆರಾಮಾಗಿದ್ದರೆ ಪರದೆ ಎಳೆದುಕೊಳ್ಳುತ್ತೇನೆ,
ಕದ್ದು ತಿನ್ನುವವನಂತೆ.

ಡಿಪೋದಲ್ಲೀಗ ಮೇಜಿನ ಕೆಲಸ.
ಎಷ್ಟು ಹೋಯಿತು, ಎಷ್ಟು ಬಂತು.
ಅರ್ಧ ಸಂಬಳ, ಪೂರ್ತಿ ಕುರ್ಚಿ.
ಟೊಂಕ ಕಟ್ಟಿ ದುಡಿದವನು ಟೊಂಕಕ್ಕೆ ಬೆಲ್ಟು ಕಟ್ಟಿ ಕೂತಿದ್ದೇನೆ.
ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಂತರೆ
ಲೋಡರುಗಳೂ ಸೆಟೆದು ನಿಂತು
ರಾಷ್ಟ್ರಗೀತೆ ಗುನುಗುತ್ತಾರೆ.
ನಾನೂ ನಗುತ್ತೇನೆ, ಹುಷಾರಾಗಿ,
ನಗುವೂ ಅಲ್ಲಿಂದಲೇ ಏಳಬೇಕಲ್ಲ.
ಮೊದಲು ಬೆನ್ನು ತಟ್ಟುತ್ತಿದ್ದರು.
ಈಗ ಯಾರೂ ಮುಟ್ಟುವುದಿಲ್ಲ.

ನನ್ನ ಗುಡ್ಡ ಬಾಸ್ತಿಯಾನನಿಗೆ ಹೋಯಿತು.
ಇಪ್ಪತ್ತೆರಡರ ಹುಡುಗ, ಒಮ್ಮೆಗೆ ಎರಡು ಹೊರುತ್ತಾನೆ,
ಶಿಳ್ಳೆ ಬೇರೆ.
ಓರ್ತೆನ್ಸಿಯಾ ಅಜ್ಜಿಯ ಮನೆಗೆ ನೂರ ಅರವತ್ತೊಂದು ಮೆಟ್ಟಿಲು,
ತೊಂಬತ್ತನೆಯದು ಅಲುಗಾಡುತ್ತದೆ ಅಂತ ಹೇಳಿದ್ದೆ.
"ನಾನು ಎಣಿಸುವುದಿಲ್ಲ" ಅಂದಿದ್ದ.
ನಾನೂ ಆಗ ಎಣಿಸುತ್ತಿರಲಿಲ್ಲ.
ಎಣಿಕೆ ಶುರುವಾದದ್ದು
ಯಾವಾಗ ಅಂತ ನೆನಪಿದೆ, ಹೇಳಲಿಲ್ಲ.

ಇವತ್ತು ಸಂಜೆ ರಿಜಿಸ್ಟರಿಗೆ ಸಹಿ ಹಾಕಲು ಬಗ್ಗಿದವನು
ಏಳುವಾಗ ಮೇಜಿನ ಅಂಚು ಹಿಡಿದ.
ಒಂದೇ ಕ್ಷಣ.
"ಏನೂ ಇಲ್ಲ" ಅಂದ, ನಾನು ಕೇಳುವ ಮೊದಲೇ.
ನಾನು ಮೇಜನ್ನು ಅವನ ಕಡೆಗೆ
ಸ್ವಲ್ಪ ತಳ್ಳಿದೆ.
ಆಮೇಲೆ ಪೆನ್ನು ತೆಗೆದು
ತುಂಬಿದ್ದು ಎಂಟು ಹೋಯಿತು
ಅಂತ ಬರೆದುಕೊಂಡೆ.