ಅರುವತ್ತೊಂದು ದಿನ

ಜೂನ್ ಒಂದಕ್ಕೆ ದಕ್ಕೆಯಲ್ಲಿ ಬೋಟುಗಳು
ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ.
ಕಡಲಿಗೆ ರಜೆ. ನನಗೆ
ಅಂಗಳದ ಟಾರ್ಪಾಲು ಎತ್ತುವ ದಿನ.

ಐವತ್ತೆರಡರ ಪ್ಲಿಮತ್.
ಜೆಪ್ಪುವಿನಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಹಿಂದೆ
ಒಡೆದ ಹಂಚಿನ ರಾಶಿಗೆ ಒರಗಿಕೊಂಡಿತ್ತು.
ಗುಜರಿಯ ಹಸನಬ್ಬ ತೂಕಕ್ಕೆ ಕೊಂಡದ್ದನ್ನು
ನಾನೂ ತೂಕಕ್ಕೇ ಕೊಂಡೆ, ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟು.
"ದೂಮಣ್ಣ, ನಿಮಗೆ ಮರ್ಲಾ?"

ಕಾರಣ ಅವನಿಗೆ ಹೇಳಲಿಲ್ಲ.
ಬಾನೆಟ್ಟಿನ ಮೂತಿಯಲ್ಲಿ, ಕಾಗೆ ಹಿಕ್ಕೆಯಡಿ,
ಒಂದು ಹಾಯಿಹಡಗು ಇತ್ತು.
ಗೇಣುದ್ದದ್ದು. ಹಾಯಿ ಅರ್ಧ ಮುರಿದದ್ದು.
ಮೂವತ್ತು ವರ್ಷ ಟ್ರಾಲ್ ಬೋಟಿನ ಎಂಜಿನಿನ ಕಡೆಗೆ
ತಲೆ ಹಾಕಿ ಮಲಗಿದವನು
ಒಣನೆಲದ ಮೇಲೆ ಹಡಗು ಕಂಡರೆ ಬಿಟ್ಟುಬರುವುದು ಹೇಗೆ?

ಮೊದಲ ವರ್ಷ ಬರೀ ಉಪ್ಪಿನೊಡನೆ ಜಗಳ.
ಹೊಯಿಗೆ ಬಜಾರಿನ ಗಾಳಿಗೆ ಕಬ್ಬಿಣವೆಂದರೆ ಹುರಿಗಡಲೆ.
ಡ್ರೈವರನ ಕಾಲಡಿಯ ತಗಡು ನೀರ್ದೋಸೆಯಷ್ಟು ತೆಳು;
ಸ್ಕ್ರೂಡ್ರೈವರು ಊರಿದರೆ ಅಂಗಳದ ಹೊಯಿಗೆ ಕಂಡಿತು,
ಒಂದು ಏಡಿಯೂ. ಅದು ನನ್ನನ್ನೇ ನೋಡುತ್ತಿತ್ತು.

ಕತ್ತರಿಸಿ, ಬೆಸೆದು, ಅಡಿಗೆಲ್ಲ ಬೂತಾಯಿ ಎಣ್ಣೆ ಬಳಿದೆ,
ಅಜ್ಜ ದೋಣಿಗೆ ಬಳಿಯುತ್ತಿದ್ದದ್ದು ಅದನ್ನೇ.
ತುಕ್ಕು ನಿಂತಿತು.
ಮರುದಿನ ಬೆಳಿಗ್ಗೆ ಓಣಿಯ ಬೆಕ್ಕುಗಳೆಲ್ಲ ಕಾರಿನಡಿ.
ಲೋಲಾಕ್ಷಿ ಬಗ್ಗಿ ಎಣಿಸಿದಳು: ಹನ್ನೊಂದು.
"ಅಮೇರಿಕದವರಿಗೆ ಗೊತ್ತುಂಟಾ ಇದು?" ಎಂದವಳು
ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಎರಡನೆಯ ವರ್ಷ, ಎಡಗಡೆಯ ಚಕ್ರ.
ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಪೈಪಿನ ಮೇಲೆ ಹತ್ತಿ ನಿಂತು,
ಡೀಸೆಲು ಕುಡಿಸಿ, ಬೆಂಕಿ ತೋರಿಸಿ, ಬಾಯಿಗೆ ಬಂದದ್ದು ಬೈದು—
ಸಂಜೆಯ ಹೊತ್ತಿಗೆ ಬೋಲ್ಟು ಟಣ್ಣೆಂದು ತುಂಡಾಯಿತು.
ಲೇತಿನ ಸಿರಿಲ್ ಪೊರ್ಬು ತುಂಡನ್ನು ಕನ್ನಡಕದ ಹತ್ತಿರ ತಂದು
ತಲೆಯ ಮೇಲಿದ್ದ ಒಂದಕ್ಷರವನ್ನು ಉಗುರಿನಲ್ಲಿ ಕೆರೆದು
ಸಣ್ಣಗೆ ನಕ್ಕರು.
"ಇದು ಎಡ ತಿರುಪು, ಮಾರಾಯ್ರೆ.
ಬಿಚ್ಚುತ್ತೇನೆಂದು ನೀವು ಇಷ್ಟು ಹೊತ್ತು ಬಿಗಿದದ್ದು."

ಆ ರಾತ್ರಿ ಗಂಜಿ ಉಣ್ಣುವಾಗ
ಅಣ್ಣನ ಜತೆ ಹದಿನೆಂಟು ವರ್ಷದಿಂದ ನಡೆದಿರುವ
ಐದು ಸೆಂಟ್ಸ್ ಜಾಗದ ಕೇಸು ಯಾಕೋ ನೆನಪಾಯಿತು.

ಈ ಗಾಡಿಗೆ ಬರುವುದು ಇಂಚಿನ ಭಾಷೆ ಮಾತ್ರ.
ಬಂದರಿನ ಅಂಗಡಿಗಳಲ್ಲೆಲ್ಲ ಈಗ ಎಂಎಂ.
ಅಪ್ಪನ ಇಂಚಿನ ಸ್ಪ್ಯಾನರುಗಳಿದ್ದದ್ದು
ಹೊಳೆಯಾಚೆ ಬೆಂಗ್ರೆಯಲ್ಲಿ, ಅಣ್ಣನ ಅಟ್ಟದಲ್ಲಿ.
ಎರಡು ದೋಣಿ ಬಿಟ್ಟೆ. ಮೂರನೆಯದಕ್ಕೆ ಹತ್ತಿದೆ.

ಬಾಗಿಲಲ್ಲೇ ನಿಂತು
ಗೋಣಿಯಲ್ಲಿ ಸುತ್ತಿದ್ದನ್ನು ಕೈಗೆ ಕೊಟ್ಟ. ಏನೂ ಕೇಳಲಿಲ್ಲ.
ಮನೆಗೆ ತಂದು ಬಿಚ್ಚಿದರೆ ಒಂದು ಕಮ್ಮಿ:
ಐದು ಬೈ ಎಂಟರದ್ದು.
ಅದಿಲ್ಲದೆ ಹೆಡ್ಡು ಕೂರುವುದಿಲ್ಲ.

ಈ ವರ್ಷ ವಾಲ್ವು ಉಜ್ಜಿದೆ, ಕಾರ್ಕಿನ ಹಾಳೆಯಲ್ಲಿ ಗ್ಯಾಸ್ಕೆಟ್ಟು ಕೊಯ್ದೆ,
ಆರು ವೋಲ್ಟಿನ ಬ್ಯಾಟರಿ ಉಲ್ಟಾ ಜೋಡಿಸಿದೆ;
ಎಲ್ಲ ಗಾಡಿಗೂ ಮೈನಸ್ಸು ಮಣ್ಣಿಗೆ, ಇದಕ್ಕೆ ಮಣ್ಣೇ ಪ್ಲಸ್ಸು.
ಹೆಡ್ಡು ಮಾತ್ರ ಸುಮ್ಮನೆ ಮೇಲೆ ಇಟ್ಟಿತ್ತು, ಮುಚ್ಚಳದ ಹಾಗೆ.

ಜುಲೈ ಮೂವತ್ತಕ್ಕೆ, ಬೋಟಿಗೆ ಐಸು ತುಂಬಿಸುವ ಗಡಿಬಿಡಿಯಲ್ಲಿ,
ಅಣ್ಣ ಬಂದ.
ಬೆಕ್ಕುಗಳನ್ನು ದಾಟಿ, ಮುಂಡಿನ ಸೊಂಟದಿಂದ ತೆಗೆದ.
ನನ್ನ ಕೈಗೆ ಕೊಡಲಿಲ್ಲ, ತಾನೇ ಬಗ್ಗಿದ.
"ಯಾವ ಕಡೆಗೆ?" ಎಂದ, ತಲೆಯೆತ್ತದೆ.
ಸಿರಿಲ್ ಪೊರ್ಬು ಊರಿಗೆಲ್ಲ ಹೇಳಿರಬೇಕು.
"ಇದು ಬಲಕ್ಕೆ" ಎಂದೆ.

ನಾಲ್ಕನೆಯ ಸಲಕ್ಕೆ ಹಿಡಿಯಿತು.
ಹತ್ತು ಬೆಕ್ಕುಗಳು ಹಾರಿ ಓಡಿದವು, ಒಂದು ಮಲಗಿಯೇ ಇತ್ತು.
ಲೋಲಾಕ್ಷಿ ಸೌಟು ಹಿಡಿದೇ ಹಿಂದಿನ ಸೀಟಿನಲ್ಲಿ ಕೂತು
ನಮ್ಮ ಮಂಚಕ್ಕಿಂತ ದೊಡ್ಡದುಂಟು ಎಂದಳು.
ಅರ್ಧ ಹಾಯಿಯ ಹಡಗು ನಿಂತಲ್ಲೇ ನಡುಗುತ್ತಿತ್ತು.

ಆಗಸ್ಟ್ ಹದಿನಾಲ್ಕಕ್ಕೆ ಕೇಸಿನ ತಾರೀಕು. ಯಾರೂ ಎತ್ತಲಿಲ್ಲ.
ಚಾ ಕುಡಿದು, ಸ್ಪ್ಯಾನರನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು
ಅಣ್ಣ ಕೊನೆಯ ದೋಣಿಗೆ ಹೊರಟ.

ಹೊಸ ಗ್ಯಾಸ್ಕೆಟ್ಟಿನ ಹೆಡ್ಡು
ಒಮ್ಮೆ ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು.
ಅದು ಅವನಿಗೂ ಗೊತ್ತು.