ಕೆಮ್ಮು

ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬರುವಷ್ಟರಲ್ಲಿ ತುಟಿ ನೀಲಿ.
ಅಂಗಿ ಕತ್ತರಿಸಿದೆ, ವಾರ್ಡು ತುಂಬ ಮೆಣಸಿನಕಾಯಿ ಘಾಟು.
ಡಾಕ್ಟರು ಸೀನಿದರು, ಆಯಾ ಸಿದ್ದವ್ವ ಮೂಗಿಗೆ ಸೆರಗೊತ್ತಿದಳು,
ಆರನೇ ಬೆಡ್ಡಿನ ಮುದುಕ ನಿದ್ದೆಯಲ್ಲೇ ಕೆಮ್ಮಿದ.
ಕೆಮ್ಮದೆ ಇದ್ದವನು ಇವನೊಬ್ಬನೇ:
ದಾವಲಸಾಬ ನದಾಫ, ಹಮಾಲ, ಮೂವತ್ತನಾಲ್ಕು.

ಚೀಲದ ಥಪ್ಪಿ ಜರಿಯಿತಂತೆ.
ಹದಿನೈದು ವರ್ಷ ಬೆನ್ನ ಮೇಲಿದ್ದದ್ದು
ಒಂದು ಮಧ್ಯಾಹ್ನ ಎದೆಗೆ ಬಂತು.
ಬಲಗಡೆ ನಾಲ್ಕು ಪಕ್ಕೆಲುಬು, ಒಂದೊಂದೂ ಎರಡೆರಡು ಕಡೆ.
ಉಸಿರೆಳೆದರೆ ಎದೆಯೆಲ್ಲ ಏಳುವುದು,
ಅಂಗೈಯಗಲ ಜಾಗ ಮಾತ್ರ ಒಳಗಿಳಿಯುವುದು,
ಮನೆಮಂದಿಯೆಲ್ಲ ಹೂಂ ಅಂದಾಗ
ಒಬ್ಬ ತಮ್ಮ ಒಲ್ಲೆ ಅಂದ ಹಾಗೆ.

ಎದೆಗೊಂದು ನಳಿಗೆ, ನೆಲದ ಮೇಲೆ ಸೀಸೆ,
ನಳಿಗೆಯ ಬಾಯಿ ನೀರಿನಡಿ.
ನನ್ನ ರಾತ್ರಿಗಳು ಆ ಸೀಸೆಯವು.
ಅಂಟುಪಟ್ಟಿಯ ಮೇಲೆ ತಾಸಿಗೊಂದು ಗೀಟು,
ಕೆಂಪು ಎಲ್ಲಿಗೆ ಏರಿತೆಂದು.
ಗುಳ್ಳೆ ಬಂದರೆ ಗಾಳಿ ಇನ್ನೂ ಸೋರುತ್ತಿದೆ.
"ಸೀಸೆ ಎತ್ತಬ್ಯಾಡವಾ, ಎದಿಗಿಂತ ಕೆಳಗಿರ್ಲಿ"
ಹೊಸ ಹುಡುಗಿಗೆ ಮೂರು ಸಲ ಹೇಳಿದೆ,
ನಾಲ್ಕನೆಯ ಸಲ ನನಗೇ.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು.
ಹೆಗಲ ಮೇಲೆ ಕಲ್ಲಿನಂಥ ಜಡ್ಡು.
ನಾವಿಬ್ಬರು ಹೆಂಗಸರು, ಒಂದು ಮಡಚಿದ ಚಾದರ,
ಒಂದು, ಎರಡು, ಹಾಂ…
ಇವನೂ ಹೀಗೇ ಅನ್ನುತ್ತಿದ್ದನೇನೋ ದಿನವೆಲ್ಲ.

ಹೊರಗೆ ಬೆಂಚಿನ ಮೇಲೆ ಹುಸೇನಬಿ,
ಕತ್ತರಿಸಿದ ಅಂಗಿ ಅವಳ ಕೈಚೀಲದಲ್ಲಿ.
ದಿನಾ ಒಂದೇ ಕೇಳುತ್ತಾಳೆ: "ಉಂಡಾನೇನ್ರೀ ಸಿಸ್ಟರ್?"
ಮೂಗಿನ ನಳಿಗೆಯಲ್ಲಿ ಇಳಿದದ್ದನ್ನು ನೆನೆದು
"ಉಂಡಾನವ್ವಾ" ಅನ್ನುತ್ತೇನೆ.

ಆರನೆಯ ದಿನ ಗಂಟಲ ನಳಿಗೆ ತೆಗೆದರು.
ಇನ್ನು ಕೆಮ್ಮಬೇಕು.
ಒಳಗಿನ ಕಫ ಹೊರಬರದಿದ್ದರೆ
ಚೀಲ ಅರ್ಧಕ್ಕೆ ಬಿಟ್ಟದ್ದನ್ನು ಅದು ಮುಗಿಸುತ್ತದೆ.
ಕೆಮ್ಮೋ ತಮ್ಮಾ.
"ಸತ್ತೋಗ್ತೀನ್ರೀ ಅಕ್ಕಾ" ಅಂದ, ಗಾಳಿಯಷ್ಟೇ ದನಿ.
ದಿಂಬು ಮಡಚಿ ಪಕ್ಕೆಗೊತ್ತಿದೆ,
ಅವಚಿ ಹಿಡಿ, ಚೀಲ ಹಿಡದಂಗ ಹಿಡಿ…
ಬಾಯಿ ಜಾರಿತು. ಅವನು ನನ್ನನ್ನೇ ನೋಡಿದ,
ಆಮೇಲೆ ಹಿಡಿದ.

ನಾನೇ ಕೆಮ್ಮಿ ತೋರಿಸಿದೆ, ಒಮ್ಮೆ, ಮತ್ತೊಮ್ಮೆ.
ಸ್ಟೇಷನ್ನಿನ ಕಡೆ ಗೂಡ್ಸು ಗಾಡಿ ಕೂಗಿ ಸುಮ್ಮನಾಯಿತು.
ಆಗ ಬಂತು: ಹರಕು, ಒದ್ದೆ, ಕಣ್ಣೀರಿನ ಜೊತೆಗೆ;
ಸೀಸೆಯ ನೀರು ಕುಪ್ಪಳಿಸಿತು.

ಚಾರ್ಟಿನಲ್ಲಿ ಬರೆದೆ: ೩.೪೦, ಕೆಮ್ಮಿದ. ನೋವಿದೆ.

ಗಾಜಿನಾಚೆ ಹುಸೇನಬಿ ಎದ್ದು ಕೂತಿದ್ದಳು.
ಹಂಗಾಮಿನಲ್ಲಿ ಓಣಿಗೆ ಓಣಿಯೇ ಕೆಮ್ಮುವ ಊರಿನವಳು,
ಅಷ್ಟರಲ್ಲಿ ತನ್ನದು ಯಾವುದೆಂದು ಗೊತ್ತು.