ಒಂದು ಜೇಬಿನ ರಸೀದಿ

ಅದಿರಿನ ಲಾರಿಗಳು ಊರನ್ನೇ ಕೆಂಪಗೆ ಮಾಡಿ ಓಡುತ್ತಿದ್ದ ಕಾಲದಲ್ಲಿ
ನಮ್ಮ ಶಾಲೆಗೆ ಆರು ಫ್ಯಾನು ಬಂದವು.
ರೆಕ್ಕೆರೆಕ್ಕೆಗೂ ದಾನಿಗಳ ಹೆಸರು.
ತಿರುಗುವಾಗ ಯಾರದೂ ಕಾಣದು;
ಕರೆಂಟು ಹೋದಾಗ
ಬೆವರೊರೆಸಿಕೊಳ್ಳುತ್ತ ಒಬ್ಬೊಬ್ಬರನ್ನೇ ಓದುತ್ತೇವೆ.
ಈಗ ಅವರು ಫೋನು ಎತ್ತುವುದಿಲ್ಲ.

ನಾನು ಖಜಾಂಚಿ. ಕೌಲ್ ಬಜಾರಿನ ಕಿವುಡ ಮಕ್ಕಳ ಶಾಲೆಗೆ
ಹನ್ನೊಂದು ವರ್ಷದಿಂದ ಕೈಯೊಡ್ಡುವುದೇ ಕೆಲಸ.
ಯಾವ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತರೆ
ಒಳಗಿನಿಂದ "ಕೂಡ್ರಿ" ಅನ್ನುತ್ತಾರೆ,
ಯಾರು ನೀರು ಕೊಟ್ಟು ಚೆಕ್ಕು ಬರೆಯುತ್ತಾರೆ,
ಯಾರು ಚಹಾ ತರಿಸಿದರೆ ಚೆಕ್ಕಿಲ್ಲ ಎಂದರ್ಥ,
ಎಲ್ಲ ಗೊತ್ತು.

ಈ ವರ್ಷ ಚಹಾ ಬಹಳ ಕುಡಿದೆ.

ಖಟಾವಕರ್ ಸೇಠರ ಜೀನ್ಸ್ ಕಾರ್ಖಾನೆಗೆ ಹೋದದ್ದು
ಒಂದು ಮಟಮಟ ಮಧ್ಯಾಹ್ನ.
ಜೊತೆಗೆ ಪಂಪಾವತಿ, ಏಳನೆಯ ಕ್ಲಾಸು.
ಮಗುವನ್ನು ಕರೆದೊಯ್ದರೆ ಸೊನ್ನೆಯೊಂದು ಹೆಚ್ಚುತ್ತದೆ ಎಂದು
ನಮ್ಮ ಅಧ್ಯಕ್ಷರ ನಂಬಿಕೆ.
ನನಗದು ಹೇಸಿಕೆ. ಆದರೂ ಕರೆದೊಯ್ದೆ.

ಬೀದಿಯ ಮೋರಿಯಲ್ಲಿ ನೀಲಿ ನೀರು ಕೂಡ ತೆಳ್ಳಗಾಗಿತ್ತು.
ಅರವತ್ತು ಮಿಷನ್ನಿನಲ್ಲಿ ನಡೆಯುತ್ತಿದ್ದದ್ದು ಇಪ್ಪತ್ತಾರು,
ಉಳಿದವಕ್ಕೆ ಬಟ್ಟೆ ಹೊದಿಸಿ ಮಲಗಿಸಿದ್ದರು.
"ಅಕ್ಕೋರೆ, ಪಾರ್ಟಿಯವರು ದುಡ್ಡು ಕಳಿಸಿಲ್ಲ,
ಗೋಡೌನಿನಲ್ಲಿ ಒಂಬತ್ತು ಸಾವಿರ ಪ್ಯಾಂಟು ಕೂತಾವ.
ಬೇಕಾದರೆ ಕಾಲು ಗಿಡ್ಡಾದವು ನೂರು ಒಯ್ಯಿರಿ."
ಚಹಾ ಬಂತು.

ತಿರುಗಿ ನೋಡಿದರೆ ಪಂಪಾವತಿ ಇಲ್ಲ.

ಮಿಷನ್ನುಗಳ ನಡುವೆ ನಿಂತಿದ್ದಳು.
ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ,
ಬೆಳಗಿನಿಂದ ಸಂಜೆತನಕ ಗಡಗಡ ಗಡಗಡ.
ಹಾಗಾಗಿ ಎರಡು ಬೆರಳೆತ್ತಿದರೆ ದಾರ ಬೇಕು,
ಮುಂಗೈ ತಿರುವಿದರೆ ಜಿಪ್ಪು,
ಕೆನ್ನೆ ಸವರಿದರೆ ಸೇಠರು ಬಂದರು, ಅವರ ಗಡ್ಡ.
ಮಹಬೂಬಿ ಬೆರಳಲ್ಲಿ ಕೇಳಿದ್ದಳು: ಊಟ ಆಯ್ತಾ?
ಪಂಪಾವತಿ ಬೆರಳಲ್ಲಿ ಹೇಳಿದ್ದಳು: ಆಯ್ತು, ಉಪ್ಪು ಕಮ್ಮಿ.
ಗಾದಿಲಿಂಗ ನಗುತ್ತಿದ್ದ.
ಹನ್ನೊಂದು ವರ್ಷದಲ್ಲಿ ನಮ್ಮ ಮಕ್ಕಳ ಜೊತೆ
ದುಭಾಷಿಯಿಲ್ಲದೆ ಯಾವ ದಾನಿಯೂ ಮಾತಾಡಿರಲಿಲ್ಲ.

ನಾನು ಬೇಡಲಿಲ್ಲ. ಇವರ ಹತ್ತಿರ ಏನು ಬೇಡುವುದು,
ಪೀಸಿನ ಲೆಕ್ಕದ ಕೂಲಿ, ಪೀಸೇ ಇಲ್ಲದ ತಿಂಗಳು.
ಮಹಬೂಬಿಯೇ ಕಿವಿಯ ಯಂತ್ರ ತೋರಿಸಿ ಕೂಗಿದಳು,
ಅದರ ಸೆಲ್ಲು ಎಷ್ಟಾಗ್ತದೆ, ಎಷ್ಟು ದಿನ ಬರ್ತದೆ.
ಹೇಳಿದೆ.
ಅವಳು ಲೆಕ್ಕ ಹಾಕಿದ್ದು ರೂಪಾಯಿಯಲ್ಲಲ್ಲ:
"ಹದಿನೈದು ಜೇಬು."

ವಾರಕ್ಕೊಂದು ಜೇಬು ನಂದು, ಎಂದಳು.
ಎರಡು ಜಿಪ್ಪು ನಂದು, ಎಂದ ಗಾದಿಲಿಂಗ.
ಮೂಲೆಯಲ್ಲಿ ಗುಂಡಿ ಹಾಕುವ ಎರ್ರಿಸ್ವಾಮಿ
ನನ್ನ ಕಡೆ ನೋಡಲೇ ಇಲ್ಲ. ಅವನದೂ ಸರಿಯೇ,
ಕಿರಾಣಿ ಅಂಗಡಿಯಲ್ಲಿ ಅವನ ಹೆಸರಿಗೂ ಒಂದು ಪುಸ್ತಕ ಕಾದಿರಬೇಕು.

ಈಗ ಶನಿವಾರ ಶನಿವಾರ ನಾಲ್ಕು ಕಾರ್ಖಾನೆ.
ಡಬ್ಬಿ ಇಟ್ಟುಬಿಡಿ ಅಂದವರಿದ್ದಾರೆ. ಇಡಲಿಲ್ಲ.
ಯಾರು ಹಾಕಿದರೆಂದು ಡಬ್ಬಿಗೆ ನೆನಪಿರುವುದಿಲ್ಲ.
ಒಬ್ಬೊಬ್ಬರಿಗೂ ರಸೀದಿ ಬರೆಯುತ್ತೇನೆ,
ಅಕ್ಷರಗಳಲ್ಲಿ: ಎರಡೂವರೆ ರೂಪಾಯಿ ಮಾತ್ರ.
ಬಾಬ್ತು: ಒಂದು ಜೇಬು.
ಮಹಬೂಬಿ ಅದನ್ನು ಮಡಿಚಿ ರೇಷನ್ ಕಾರ್ಡಿನೊಳಗೆ ಇಡುತ್ತಾಳಂತೆ.

ಆಡಿಟರ್ ಪ್ರಹ್ಲಾದಾಚಾರ್ ಕನ್ನಡಕ ಹಣೆಗೇರಿಸಿದರು:
"ಒಂದು ರಸೀದಿಗೆ ತೊಂಬತ್ತು ಪೈಸೆ ಬೀಳ್ತದಮ್ಮ,
ಕಾರ್ಬನ್ನು ಬೇರೆ, ನಿಮ್ಮ ಆಟೋ ಬೇರೆ.
ಎರಡೂವರೆ ಎತ್ತೋದಕ್ಕೆ ಎರಡು ಸುರೀತೀರಲ್ಲ."
ಲೆಕ್ಕ ಅವರದೇ ಸರಿ.
ಮೇಷ್ಟ್ರುಗಳ ಎರಡು ತಿಂಗಳ ಸಂಬಳ ಇನ್ನೂ ಬಾಕಿ,
ಈ ಜೇಬುಗಳಿಂದ ಅದು ತುಂಬುವುದಿಲ್ಲ.
ಆಟೋ ಬಿಟ್ಟು ನಡೆಯುತ್ತೇನೆ, ಎಂದೆ.

ನಿನ್ನೆ ಮೂರನೆಯ ಪುಸ್ತಕ ಮುಗಿಯಿತು.
ಬ್ರೂಸ್‌ಪೇಟೆಯ ಪ್ರೆಸ್ಸಿನಲ್ಲಿ ಇನ್ನೈದಕ್ಕೆ ಹೇಳಿ
ಪರ್ಸು ತೆಗೆಯುವಷ್ಟರಲ್ಲಿ
ಅಲ್ಲಿನ ಹುಡುಗ ಹಳೆಯ ಪ್ರತಿಗಳನ್ನು ತಿರುವುತ್ತ,
ಒಂದು ಜೇಬು, ಒಂದು ಜೇಬು, ಎರಡು ಜಿಪ್ಪು,
ಬೆಲ್ಟಿನ ಕೊಂಡಿ ನಾಲ್ಕು, ಮತ್ತೆ ಒಂದು ಜೇಬು,
"ಮೇಡಂ, ನಿಮ್ಮದು ಶಾಲೆ ಅಂದ್ರಲ್ಲ?" ಎಂದ.

ಎರಡು ಬೆರಳೆತ್ತಿ ತೋರಿಸಿದೆ,
ದಾರ ಬೇಕು ಅಂತ.
ಅವನಿಗೆ ತಿಳಿಯಲಿಲ್ಲ.
ಮುಂಗಡ ಎಣಿಸಿಕೊಂಡ.